ಟ್ರೇ ಹಿಡಿದು ಹಾಸಿಗೆ ಹತ್ತಿರ ಹೋಗುವ ಮುಂಚೆ: ಹೊಸ ನರ್ಸ್‌ಗಳಿಗೆ ಔಷಧಿಯ ಪಾಠ

ನನ್ನ ಮೊದಲ ವರ್ಷದ ನೈಟ್ ಡ್ಯೂಟಿ. ಒಬ್ಬ ಅಜ್ಜನಿಗೆ ರಾತ್ರಿ 20 ಯೂನಿಟ್ ಗ್ಲಾರ್ಜಿನ್ ಇನ್ಸುಲಿನ್ ಕೊಡಬೇಕಿತ್ತು. ವಾರ್ಡಿನ ಸ್ಟಾಕ್ ಮುಗಿದಿತ್ತು, ಮಗ ಹೊರಗಿನ ಮೆಡಿಕಲ್ ಶಾಪಿನಿಂದ ವಯಲ್ ತಂದುಕೊಟ್ಟ. ಟ್ರೇಯಲ್ಲಿ ಇದ್ದದ್ದು ನಾವು ದಿನಾ ಬಳಸುವ ಕೆಂಪು ಮುಚ್ಚಳದ ಸಿರಿಂಜ್. 20ರ ಗೆರೆವರೆಗೆ ಎಳೆದೆ, ಕೊಟ್ಟೆ, ಚಾರ್ಟಿನಲ್ಲಿ ಸಹಿ ಹಾಕಿದೆ. ಬೆಳಗಿನ ಜಾವ 3 ಗಂಟೆಗೆ ನೋಡಿದರೆ ಅಜ್ಜನ ಅಂಗಿ ಬೆವರಿನಿಂದ ತೊಯ್ದುಹೋಗಿತ್ತು, ಮಾತಾಡಿಸಿದರೆ ಏನೇನೋ ಉತ್ತರ. ಶುಗರ್ 38.

25 ಪರ್ಸೆಂಟ್ ಡೆಕ್ಸ್‌ಟ್ರೋಸ್ ಕೊಟ್ಟೆವು, ಅಜ್ಜ ಕಣ್ಣು ಬಿಟ್ಟರು. ಆಮೇಲೆ ಸೀನಿಯರ್ ಸಿಸ್ಟರ್ ವಯಲ್ ಕೈಗೆ ಕೊಟ್ಟು ಓದು ಅಂದರು. ಅದರ ಮೇಲೆ ಒಂದು ಎಂಎಲ್‌ಗೆ 100 ಯೂನಿಟ್ ಅಂತ ಇತ್ತು. ಕೆಂಪು ಮುಚ್ಚಳದ ಸಿರಿಂಜ್ ಒಂದು ಎಂಎಲ್‌ಗೆ 40 ಯೂನಿಟ್ ಇರುವ ವಯಲಿಗೆ ಮಾಡಿದ್ದು. ಅದರ 20ರ ಗೆರೆ ಅಂದರೆ ಅರ್ಧ ಎಂಎಲ್. 100ರ ವಯಲಿನಿಂದ ಅರ್ಧ ಎಂಎಲ್ ಎಳೆದರೆ 50 ಯೂನಿಟ್. ಎರಡೂವರೆ ಪಟ್ಟು ಜಾಸ್ತಿ. "ಒಂದ್ ಸಲ ಶುಗರ್ ಏರ್ತು ಅಂತ ಬಿಡಬ್ಯಾಡ, ಇದು 24 ತಾಸು ಕೆಲ್ಸ ಮಾಡೋ ಇನ್ಸುಲಿನ್, ನಾಳೆ ರಾತ್ರಿತನ ತಾಸಿಗೊಮ್ಮೆ ನೋಡ್ಬೇಕು" ಅಂದರು. ಅವರು ಹೇಳಿದ ಹಾಗೇ ಆಯಿತು. ಬೆಳಿಗ್ಗೆ 8ಕ್ಕೆ ಶುಗರ್ ಮತ್ತೆ ಬಿತ್ತು. ಕಾದು ಕೂತಿದ್ದರಿಂದ ಅಜ್ಜ ಉಳಿದರು.

ಆ ರಾತ್ರಿ ಕೂಡ ನನಗೆ ಐದು ರೈಟ್‌ಗಳು ಬಾಯಿಪಾಠ ಬರುತ್ತಿದ್ದವು. ಸರಿಯಾದ ರೋಗಿ, ಸರಿಯಾದ ಔಷಧಿ, ಸರಿಯಾದ ಡೋಸ್, ಸರಿಯಾದ ದಾರಿ, ಸರಿಯಾದ ಹೊತ್ತು. ಗೊತ್ತಿಲ್ಲದೆ ಇದ್ದದ್ದು ನನ್ನ ಕೈಯಲ್ಲಿರುವುದು ಏನು, ದೇಹದೊಳಗೆ ಹೋಗಿ ಏನು ಮಾಡುತ್ತದೆ, ಎಷ್ಟು ಹೊತ್ತು ಮಾಡುತ್ತದೆ ಅನ್ನುವುದು. ಅದು ಗೊತ್ತಿದ್ದರೆ ಪ್ರತಿಯೊಂದು ನಿಯಮ ಯಾಕೆ ಇದೆ ಅಂತ ತಿಳಿಯುತ್ತದೆ, ಯಾಕೆ ಅಂತ ತಿಳಿದ ನಿಯಮವನ್ನು ಮಧ್ಯರಾತ್ರಿಯಲ್ಲೂ ಯಾರೂ ಮರೆಯುವುದಿಲ್ಲ. ಬಳ್ಳಾರಿ, ರಾಯಚೂರು, ಕೊಪ್ಪಳ ಕಡೆಯ ಆಸ್ಪತ್ರೆಗಳಿಗೆ ಈಗಷ್ಟೇ ಡ್ಯೂಟಿಗೆ ಸೇರಿದವರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಡೋಸ್ ಬರೆಯುವುದು ಡಾಕ್ಟರ್, ನಿಮ್ಮ ವಾರ್ಡಿನ ಪ್ರೋಟೋಕಾಲ್ ಏನಿದೆಯೋ ಅದೇ ಕೊನೆ ಮಾತು. ಆದರೆ ತಪ್ಪು ಡೋಸ್ ಬಂದಾಗ ಅದನ್ನು ಹಿಡಿಯುವ ಕೊನೆಯ ಕೈ ನಿಮ್ಮದು.

ಮೊದಲು ಔಷಧಿಯ ದಾರಿ ತಿಳಿಯಿರಿ

ಗುಳಿಗೆ ನುಂಗಿದ ಮೇಲೆ ಅದಕ್ಕೆ ನಾಲ್ಕು ಕೆಲಸ ಇದೆ. ಕರುಳಿನಿಂದ ರಕ್ತಕ್ಕೆ ಸೇರಬೇಕು, ರಕ್ತದ ಜೊತೆ ಮೈಯೆಲ್ಲ ಹರಡಬೇಕು, ಲಿವರಿನಲ್ಲಿ ಬದಲಾಗಬೇಕು, ಕಿಡ್ನಿಯಿಂದ ಹೊರಗೆ ಹೋಗಬೇಕು. ಪುಸ್ತಕದಲ್ಲಿ ಇದಕ್ಕೆ ದೊಡ್ಡ ದೊಡ್ಡ ಹೆಸರುಗಳಿವೆ, ಇಲ್ಲಿ ಬೇಡ. ನಾಲ್ಕರಲ್ಲಿ ಯಾವುದು ಕೆಟ್ಟರೂ ಅದೇ ಡೋಸ್ ಒಬ್ಬರಿಗೆ ಔಷಧಿ, ಇನ್ನೊಬ್ಬರಿಗೆ ವಿಷ.

ಲಿವರ್ ಒಂದು ಸುಂಕದ ಕಟ್ಟೆ ಇದ್ದ ಹಾಗೆ. ಬಾಯಿಂದ ಹೋದ ಔಷಧಿ ಮೈಗೆ ಹರಡುವ ಮುಂಚೆ ಮೊದಲು ಅಲ್ಲಿಗೇ ಹೋಗುತ್ತದೆ, ಅಲ್ಲಿ ಒಂದಿಷ್ಟು ಕಡಿತ ಆಗುತ್ತದೆ. ಮಾರ್ಫಿನ್ ಬಾಯಿಂದ ಕೊಡುವಾಗ ಐವಿ (ನೇರ ರಕ್ತನಾಳಕ್ಕೆ) ಡೋಸಿನ ಸುಮಾರು ಮೂರು ಪಟ್ಟು ಬೇಕಾಗುವುದು ಇದಕ್ಕೇ. ಎದೆನೋವಿಗೆ ನೈಟ್ರೋಗ್ಲಿಸರಿನ್ ಗುಳಿಗೆಯನ್ನು ನಾಲಿಗೆ ಕೆಳಗೆ ಇಡುವುದೂ ಇದಕ್ಕೇ, ಅಲ್ಲಿಂದ ನೇರ ರಕ್ತಕ್ಕೆ ಹೋಗುತ್ತದೆ, ಸುಂಕದ ಕಟ್ಟೆ ತಪ್ಪುತ್ತದೆ. ರೋಗಿ ಅದನ್ನು ನೀರು ಕುಡಿದು ನುಂಗಿಬಿಟ್ಟರೆ ಕೊಟ್ಟೂ ಕೊಡದ ಹಾಗೆ. ಐವಿ ಕೊಟ್ಟದ್ದಕ್ಕೆ ಸುಂಕ ಇಲ್ಲ, ಕೊಟ್ಟಷ್ಟೂ ರಕ್ತದಲ್ಲಿ. ಅದಕ್ಕೇ ಐವಿಯಲ್ಲಿ ತಪ್ಪಾದರೆ ವಾಪಸ್ ತರಲು ದಾರಿ ಇಲ್ಲ.

ಕಿಡ್ನಿ ವಿಷಯ ನಮ್ಮ ಊರಿಗೆ ಜಾಸ್ತಿ ಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಬಳ್ಳಾರಿ, ರಾಯಚೂರಿನ ಬಿಸಿಲು 40 ಡಿಗ್ರಿ ದಾಟುತ್ತದೆ. ಹೊಲದಲ್ಲಿ, ಇಟ್ಟಿಗೆ ಭಟ್ಟಿಯಲ್ಲಿ ದಿನವಿಡೀ ದುಡಿದವರು ಸಂಜೆ ಬಂದು "ಅಕ್ಕಾ, ಮೈಕೈ ಭಾಳ ನೋಯ್ತೈತಿ, ಒಂದ್ ಸೂಜಿ ಹಾಕ್ಸಿಬಿಡ್ರಿ" ಅನ್ನುತ್ತಾರೆ. ಮೈಯಲ್ಲಿ ನೀರೇ ಇಲ್ಲದವರಿಗೆ ಡೈಕ್ಲೋಫೆನಾಕ್ ಹಾಕಿದರೆ ಅದು ಕಿಡ್ನಿಗೆ ಹೋಗುವ ರಕ್ತವನ್ನು ಇನ್ನೂ ಕಡಿಮೆ ಮಾಡುತ್ತದೆ. ಜೆಂಟಾಮೈಸಿನ್ ಕೂಡ ಹಾಗೇ, ಒಣಗಿದ ಕಿಡ್ನಿಗೆ ಹೊಡೆತ ಕೊಡುತ್ತದೆ, ಹೊರಗೆ ಹೋಗದೆ ನಿಂತು ಕಿವಿಯನ್ನೂ ಕೆಡಿಸುತ್ತದೆ. ಆರ್ಡರ್ ಇದ್ದರೂ ಎರಡು ಮಾತು ಕೇಳಿ. ಬೆಳಗಿನಿಂದ ಎಷ್ಟು ಸಲ ಮೂತ್ರಕ್ಕೆ ಹೋಗಿದ್ದಿರಿ? ಯಾವ ಬಣ್ಣ ಇತ್ತು? ಉತ್ತರ ಸರಿ ಅನ್ನಿಸದಿದ್ದರೆ ಡಾಕ್ಟರಿಗೆ ಹೇಳಿ, ಆಮೇಲೆ ಸಿರಿಂಜ್ ಮುಟ್ಟಿ.

ಇನ್ನು ಹಾಫ್ ಲೈಫ್. ರಕ್ತದಲ್ಲಿರುವ ಔಷಧಿ ಅರ್ಧ ಆಗಲು ಬೇಕಾದ ಹೊತ್ತು ಅಷ್ಟೇ. ಪ್ಯಾರಾಸಿಟಮಾಲಿಗೆ ಅದು 2ರಿಂದ 3 ಗಂಟೆ, ಅದಕ್ಕೇ ದಿನಕ್ಕೆ ಮೂರ್ನಾಲ್ಕು ಸಲ ಕೊಡುತ್ತೇವೆ. ನೂರು ಇದ್ದದ್ದು ಐವತ್ತು, ಇಪ್ಪತ್ತೈದು, ಹನ್ನೆರಡೂವರೆ, ಹೀಗೆ ನಾಲ್ಕೈದು ಸುತ್ತಿನಲ್ಲಿ ಹೆಚ್ಚುಕಡಿಮೆ ಖಾಲಿ. ತುಂಬಿಕೊಳ್ಳುವುದಕ್ಕೂ ಅಷ್ಟೇ ಸುತ್ತು ಬೇಕು. ಆಮ್ಲೋಡಿಪಿನ್ ಹಾಫ್ ಲೈಫ್ 30ರಿಂದ 50 ಗಂಟೆ, ಪೂರ್ತಿ ಕೆಲಸ ತೋರಿಸಲು ಒಂದು ವಾರ ಹಿಡಿಯುತ್ತದೆ. ಎರಡು ದಿನ ನುಂಗಿ "ಬಿಪಿ ಇಳೀಲಿಲ್ಲ" ಅಂತ ಗುಳಿಗೆ ಬಿಡುವವರಿಗೆ ಇದನ್ನು ನೀವೇ ಹೇಳಬೇಕು, ಓಪಿಡಿಯಲ್ಲಿ ಬೇರೆ ಯಾರಿಗೂ ಪುರುಸೊತ್ತು ಇರುವುದಿಲ್ಲ.

ಆರ್ಡರ್ ಓದುವುದು

ಚಾರ್ಟ್ ತೆಗೆದುಕೊಂಡು ಔಷಧಿ ಹೆಸರು, ಡೋಸ್, ದಾರಿ, ಎಷ್ಟು ಸಲ, ಯಾಕೆ ಅನ್ನುವುದನ್ನು ಒಂದೊಂದಾಗಿ ನೋಡಿ. ಯಾಕೆ ಅನ್ನುವುದನ್ನು ಬಿಡಬೇಡಿ. ಶುಗರ್ ಇಲ್ಲದವರ ಚಾರ್ಟಿನಲ್ಲಿ ಶುಗರ್ ಗುಳಿಗೆ ಕಂಡರೆ ಅದು ಪಕ್ಕದ ಹಾಸಿಗೆಯದ್ದು ಆಗಿರಬಹುದು. ಚುಕ್ಕೆಗಳ ಬಗ್ಗೆ ಹುಷಾರು. 5.0 ಅಂತ ಬರೆದದ್ದು 50 ಅಂತ ಕಾಣುತ್ತದೆ, .5 ಅಂತ ಬರೆದದ್ದು 5 ಅಂತ ಕಾಣುತ್ತದೆ. ನೀವು ಬರೆಯುವಾಗ 5 ಅಂತ ಬರೆಯಿರಿ, 0.5 ಅಂತ ಬರೆಯಿರಿ. ಯೂನಿಟ್ ಅನ್ನುವುದನ್ನು ಒಂದೇ ಇಂಗ್ಲಿಷ್ ಅಕ್ಷರದಲ್ಲಿ ಮುಗಿಸಬೇಡಿ, ಅದು ಸೊನ್ನೆ ಥರ ಕಂಡು 4 ಯೂನಿಟ್ 40 ಆಗುತ್ತದೆ.

ಫೋನಿನಲ್ಲಿ ಹೇಳಿದ ಆರ್ಡರ್ ಎಮರ್ಜೆನ್ಸಿಗೆ ಮಾತ್ರ. ಬರೆದುಕೊಳ್ಳಿ, ವಾಪಸ್ ಓದಿ ಹೇಳಿ, ಅವರು ಹೌದು ಅಂದ ಮೇಲೆ ಕೊಡಿ, ಬಂದ ಕೂಡಲೇ ಸಹಿ ಹಾಕಿಸಿ.

ಸಂಶಯ ಬಂದರೆ ಕೇಳುವುದಕ್ಕೆ ಹೊಸಬರು ಹೆದರುತ್ತಾರೆ. ನಾನೂ ಹೆದರುತ್ತಿದ್ದೆ. "ಇದು ತಪ್ಪು ಸರ್" ಅನ್ನುವ ಬದಲು ಲೆಕ್ಕ ಮುಂದಿಡಿ. "ಸರ್, ಮಗು 10 ಕೆಜಿ ಐತಿ, ಚಾರ್ಟಲ್ಲಿ 10 ಎಂಎಲ್ ಅಂತ ಐತಿ, ನಮ್ಹತ್ರ ಇರೋದು 5 ಎಂಎಲ್‌ಗೆ 250 ಎಂಜಿ ಇರೋ ಪ್ಯಾರಾಸಿಟಮಾಲ್ ಸಿರಪ್, 500 ಎಂಜಿ ಆಗ್ತದ, ಒಂದ್ಸಲ ನೋಡ್ತೀರೇನ್ರಿ?" ಹೀಗೆ ಕೇಳಿದವರನ್ನು ಯಾವ ಡಾಕ್ಟರೂ ಬೈದದ್ದು ನಾನು ನೋಡಿಲ್ಲ.

ಹೆಸರು ಕೇಳುವುದು

ಕೊಪ್ಪಳ ಕಡೆ ವಾರ್ಡಿನಲ್ಲಿ ಒಂದೇ ಸಲ ಮೂವರು ಹುಲಿಗೆಮ್ಮ ಇರುತ್ತಾರೆ. ಬಳ್ಳಾರಿಯಲ್ಲಿ ಇಬ್ಬರು ಗಾದಿಲಿಂಗಪ್ಪ, ರಾಯಚೂರಿನಲ್ಲಿ ಲೆಕ್ಕವಿಲ್ಲದಷ್ಟು ಹನುಮಂತ. ಬಾಗಿಲಲ್ಲಿ ನಿಂತು "ಹುಲಿಗೆಮ್ಮ ಯಾರ್ರೀ?" ಅಂದರೆ ಒಬ್ಬರು ಕೈ ಎತ್ತುತ್ತಾರೆ, ನಿಮಗೆ ಬೇಕಾದವರು ಬಾತ್‌ರೂಮಿಗೆ ಹೋಗಿರುತ್ತಾರೆ. "ನೀವು ಹುಲಿಗೆಮ್ಮ ಅಲ್ವಾ?" ಅಂತ ಕೇಳುವುದು ಇನ್ನೂ ಕೆಟ್ಟದ್ದು, ಜ್ವರದಲ್ಲಿ ಮಲಗಿದವರು ಯಾವ ಹೆಸರಿಗೂ ಹೂಂ ಅನ್ನುತ್ತಾರೆ. "ನಿಮ್ಮ ಹೆಸರೇನಮ್ಮಾ? ಯಾವ ಊರು?" ಅಂತ ಕೇಳಿ ಅವರ ಬಾಯಿಂದಲೇ ಹೇಳಿಸಿ. ಗಂಡನ ಹೆಸರು ಕೇಳಿದರೆ ವಯಸ್ಸಾದ ಹೆಂಗಸರು ಎಷ್ಟೋ ಜನ ಹೇಳುವುದಿಲ್ಲ, ನಾಚಿಕೊಂಡು ತಲೆ ತಗ್ಗಿಸುತ್ತಾರೆ. ಹಾಗಾಗಿ ಹೆಸರಿನ ಜೊತೆ ಐಪಿ ನಂಬರ್ (ದಾಖಲಾದಾಗ ಕೊಟ್ಟ ನಂಬರ್) ನೋಡಿ. ಹಾಸಿಗೆ ನಂಬರ್ ಮಾತ್ರ ನಂಬಬೇಡಿ, ಫ್ಯಾನ್ ಗಾಳಿಗೆ ಅಂತ ರೋಗಿಗಳೇ ಹಾಸಿಗೆ ಬದಲಾಯಿಸಿಕೊಳ್ಳುತ್ತಾರೆ. ತೆಲುಗು, ಉರ್ದು ಮಾತಾಡುವವರಿಗೆ ಅವರ ಭಾಷೆ ಬಲ್ಲವರನ್ನು ಕರೆದು ಕೇಳಿಸಿ.

ಅದೇ ಹೊತ್ತಿಗೆ ಇನ್ನೆರಡು ಪ್ರಶ್ನೆ. ಹಿಂದೆ ಯಾವುದಾದರೂ ಸೂಜಿ, ಗುಳಿಗೆಗೆ ಮೈ ತುರಿಸಿತ್ತಾ, ಊದಿತ್ತಾ? "ಮನ್ಯಾಗ ಏನರ ಗುಳಿಗಿ ತಗಂಡೀರೇನ್ರಿ?" ಈ ಎರಡನೆಯದಕ್ಕೆ ಬರುವ ಉತ್ತರ ಸುಮ್ನೆ ಕೇಳಿ ಬಿಡುವಂಥದ್ದಲ್ಲ. ಒಬ್ಬರು ಮನೆಯಲ್ಲಿ ಜ್ವರಕ್ಕೆ ಡೋಲೋ 650 ಮೂರು ನುಂಗಿರುತ್ತಾರೆ, ಅಲ್ಲಿಗೆ 1950 ಎಂಜಿ. ಮೈಕೈ ನೋವಿಗೆ ಅಸೆಕ್ಲೋಫೆನಾಕ್ ಜೊತೆ ಪ್ಯಾರಾಸಿಟಮಾಲ್ 325 ಸೇರಿದ ಗುಳಿಗೆ ಎರಡು, ಇನ್ನೊಂದು 650. ವಾರ್ಡಿಗೆ ಬಂದ ಮೇಲೆ ಐವಿ ಪ್ಯಾರಾಸಿಟಮಾಲ್ ಒಂದೊಂದು ಗ್ರಾಂ ಎರಡು ಸಲ. ಒಟ್ಟು 4600. ದೊಡ್ಡವರಿಗೆ 24 ಗಂಟೆಯ ಮಿತಿ 4000 ಎಂಜಿ, ತೂಕ 50 ಕೆಜಿಗಿಂತ ಕಡಿಮೆ ಇದ್ದರೆ ಇನ್ನೂ ಕೆಳಗೆ. ಮೂರು ಕಡೆ ಮೂರು ಹೆಸರು, ಒಳಗೆ ಇರುವುದು ಒಂದೇ. ಆದ್ದರಿಂದ ಕಂಪನಿ ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿರುವ ಔಷಧಿಯ ನಿಜವಾದ ಹೆಸರನ್ನು ಓದುವ ಚಟ ಬೆಳೆಸಿಕೊಳ್ಳಿ.

ಲೇಬಲ್ ಮೂರು ಸಲ

ಕಪಾಟಿನಿಂದ ತೆಗೆಯುವಾಗ ಒಂದು ಸಲ, ಲೋಡ್ ಮಾಡುವಾಗ ಒಂದು ಸಲ, ಖಾಲಿ ಆಂಪೂಲ್ ಎಸೆಯುವ ಮುಂಚೆ ಒಂದು ಸಲ. ಅಟ್ರೋಪಿನ್, ಅಡ್ರಿನಾಲಿನ್ ಎರಡೂ ಪುಟ್ಟ ಆಂಪೂಲ್, ದೂರದಿಂದ ಒಂದೇ ಥರ. ಡೋಪಮಿನ್, ಡೊಬುಟಮಿನ್ ಹೆಸರೇ ಅಕ್ಕತಂಗಿಯರಂತೆ. ಇವುಗಳನ್ನು ಒಂದೇ ಡಬ್ಬಿಯಲ್ಲಿ ಇಡಬೇಡಿ. ಹೆಪಾರಿನ್ ವಯಲ್ ಒಂದು ಎಂಎಲ್‌ಗೆ 1000 ಯೂನಿಟ್ ಇರುವುದೂ ಇದೆ, 5000 ಇರುವುದೂ ಇದೆ. ಐದು ಪಟ್ಟು ವ್ಯತ್ಯಾಸ. ಇನ್ಸುಲಿನ್ ಕಥೆ ಆಗಲೇ ಹೇಳಿದೆ. 40ರ ವಯಲಿಗೆ ಕೆಂಪು ಮುಚ್ಚಳದ ಸಿರಿಂಜ್, 100ರ ವಯಲಿಗೆ ಕಿತ್ತಳೆ ಮುಚ್ಚಳದ ಸಿರಿಂಜ್. ನನ್ನ ಟ್ರೇಯಲ್ಲಿ ಇವತ್ತಿಗೂ ವಯಲ್ ಮತ್ತು ಸಿರಿಂಜನ್ನು ಒಂದರ ಪಕ್ಕ ಒಂದು ಇಟ್ಟು ಎರಡರ ಮೇಲಿನ ಅಂಕಿಯನ್ನೂ ಬಾಯಿಬಿಟ್ಟು ಓದುತ್ತೇನೆ, ಪಕ್ಕದಲ್ಲಿರುವ ಸಿಸ್ಟರಿಗೂ ಓದಿಸುತ್ತೇನೆ.

ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿ. ಕಸ, ಮೋಡದಂಥ ಮಬ್ಬು, ಸೋರಿಕೆ ಇದ್ದರೆ ಪಕ್ಕಕ್ಕೆ ಇಡಿ. ಬ್ಯಾಚ್ ನಂಬರ್ ಬರೆದುಕೊಳ್ಳಿ. 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ತೀರಿಕೊಂಡಾಗ ಸಂಶಯ ಹೋದದ್ದು ರಿಂಗರ್ ಲ್ಯಾಕ್ಟೇಟ್ ಬಾಟಲಿಗಳ ಮೇಲೆ, ರಾಜ್ಯ ಸರ್ಕಾರ ಅವುಗಳ ಬಳಕೆ ನಿಲ್ಲಿಸಿತು. ಕಣ್ಣಿಗೆ ಕಾಣದ ದೋಷವನ್ನು ವಾರ್ಡಿನಲ್ಲಿ ಯಾರೂ ಹಿಡಿಯಲಾರರು. ಆದರೆ ಒಂದೇ ದಿನ ಇಬ್ಬರಿಗೆ ಚಳಿ ನಡುಕ ಬಂದರೆ, ಇಬ್ಬರಿಗೂ ಏರಿಸಿದ್ದು ಒಂದೇ ಬ್ಯಾಚಾ ಅಂತ ಐದು ನಿಮಿಷದಲ್ಲಿ ಹೇಳಬಲ್ಲವರು ನಂಬರ್ ಬರೆದಿಟ್ಟ ನರ್ಸ್ ಮಾತ್ರ. ಆಮೇಲೆ ಆ ಬಾಟಲಿಯನ್ನು ಎಸೆಯಬೇಡಿ, ಸೆಟ್ ಸಮೇತ ತೆಗೆದಿಡಿ.

ನಮ್ಮ ಬಿಸಿಲು ಔಷಧಿಯನ್ನೂ ಬಿಡುವುದಿಲ್ಲ. ಆಕ್ಸಿಟೋಸಿನ್ 2ರಿಂದ 8 ಡಿಗ್ರಿಯಲ್ಲಿ ಇರಬೇಕು. ಮೇ ತಿಂಗಳಲ್ಲಿ ಲೇಬರ್ ರೂಮಿನ ಟ್ರೇಯಲ್ಲಿ ಬೆಳಗಿನಿಂದ ಬಿದ್ದಿದ್ದ ಆಂಪೂಲ್ ನೋಡಲು ಹೊಸದರ ಹಾಗೇ ಇರುತ್ತದೆ, ಆದರೆ ಶಕ್ತಿ ಕಳೆದುಕೊಂಡಿರುತ್ತದೆ. ಹೆರಿಗೆಯಾದ ಒಂದು ನಿಮಿಷದೊಳಗೆ 10 ಯೂನಿಟ್ ಐಎಂ (ಸ್ನಾಯುವಿಗೆ) ಕೊಟ್ಟರೂ ಗರ್ಭಕೋಶ ಗಟ್ಟಿಯಾಗದೆ ರಕ್ತ ಹರಿಯುತ್ತಲೇ ಇದ್ದರೆ ಆಗ ಯಾರನ್ನು ಕೇಳುವುದು? ಹೆರಿಗೆ ಹತ್ತಿರ ಬಂದಾಗ ಫ್ರಿಜ್ಜಿನಿಂದ ತೆಗೆಯಿರಿ, ಮುಂಚೆ ಬೇಡ. ತೆರೆದ ಇನ್ಸುಲಿನ್ ವಯಲ್ ಮೇಲೆ ತೆರೆದ ತಾರೀಕು ಬರೆಯಿರಿ, ಸಾಮಾನ್ಯವಾಗಿ 28 ದಿನ. ಫ್ರಿಜ್ ಇಲ್ಲದ ಮನೆಗೆ ಹೋಗುವವರಿಗೆ, ವಯಲನ್ನು ನೀರು ಹೋಗದ ಡಬ್ಬಿಯಲ್ಲಿಟ್ಟು ನೀರು ತುಂಬಿದ ಮಣ್ಣಿನ ಮಡಕೆಯಲ್ಲಿ ಇಡಲು ಹೇಳಿಕೊಡಿ. ಫ್ರೀಜರಿನಲ್ಲಿ ಮಾತ್ರ ಬೇಡ, ಹೆಪ್ಪುಗಟ್ಟಿದ ಇನ್ಸುಲಿನ್ ಕೆಲಸಕ್ಕೆ ಬರುವುದಿಲ್ಲ.

ಲೆಕ್ಕ

ಸೂತ್ರ ಒಂದೇ. ಬೇಕಾದ ಎಂಜಿಯನ್ನು ಕೈಯಲ್ಲಿರುವ ಎಂಜಿಯಿಂದ ಭಾಗಿಸಿ, ಅದು ಎಷ್ಟು ಎಂಎಲ್‌ನಲ್ಲಿದೆಯೋ ಅದರಿಂದ ಗುಣಿಸಿ. ಜೆಂಟಾಮೈಸಿನ್ 2 ಎಂಎಲ್‌ನಲ್ಲಿ 80 ಎಂಜಿ ಇದೆ, ಬೇಕಾದದ್ದು 60. 60 ಭಾಗಿಸು 80, ಗುಣಿಸು 2. ಒಂದೂವರೆ ಎಂಎಲ್.

ಮಕ್ಕಳಲ್ಲಿ ಜಾಸ್ತಿ ತಪ್ಪಾಗುವುದು ಪ್ಯಾರಾಸಿಟಮಾಲ್‌ನಲ್ಲಿ. 10 ಕೆಜಿ ಮಗುವಿಗೆ ಕೆಜಿಗೆ 15 ಎಂಜಿಯಂತೆ 150 ಎಂಜಿ. ಸಿರಪ್ 5 ಎಂಎಲ್‌ಗೆ 125 ಎಂಜಿ ಇದ್ದರೆ 6 ಎಂಎಲ್ ಕೊಡಬೇಕು. 5 ಎಂಎಲ್‌ಗೆ 250 ಇದ್ದರೆ 3 ಎಂಎಲ್. ಡ್ರಾಪ್ಸ್ ಒಂದು ಎಂಎಲ್‌ಗೆ 100 ಇದ್ದರೆ ಒಂದೂವರೆ ಎಂಎಲ್ ಅಷ್ಟೇ. ಮೂರೂ ಬಾಟಲಿ ಒಂದೇ ಬಣ್ಣ, ಒಂದೇ ಸಿಹಿ. ಡ್ರಾಪ್ಸ್ ಬಾಟಲಿಯಿಂದ 6 ಎಂಎಲ್ ಕುಡಿಸಿದರೆ ನಾಲ್ಕು ಪಟ್ಟು. ತಾಯಿಗೆ ಮನೆಗೆ ಕಳಿಸುವಾಗ "ಒಂದು ಚಮಚ" ಅಂತ ಹೇಳಬೇಡಿ, ಪ್ರತಿ ಮನೆಯ ಚಮಚ ಬೇರೆ. ಬಾಟಲಿ ಜೊತೆ ಬರುವ ಅಳತೆ ಮುಚ್ಚಳದಲ್ಲಿ ಪೆನ್ನಿನಿಂದ ಗೆರೆ ಎಳೆದು ಕೊಡಿ, ಓದು ಬಾರದ ತಾಯಿಯೂ ಸರಿಯಾಗಿ ಕುಡಿಸುತ್ತಾಳೆ.

ಡ್ರಿಪ್ ಲೆಕ್ಕ. ಸಾಮಾನ್ಯ ಸೆಟ್ಟಿನಲ್ಲಿ ಒಂದು ಎಂಎಲ್‌ಗೆ 20 ಹನಿ, 15ರ ಸೆಟ್ಟೂ ಬರುತ್ತದೆ, ಕವರ್ ಮೇಲೆ ನೋಡಿ. 500 ಎಂಎಲ್ 4 ಗಂಟೆಯಲ್ಲಿ ಹೋಗಬೇಕು ಅಂದರೆ 500 ಗುಣಿಸು 20 ಭಾಗಿಸು 240 ನಿಮಿಷ. ಸುಮಾರು 42 ಹನಿ. ಮೈಕ್ರೋ ಸೆಟ್ಟಿನಲ್ಲಿ ಎಂಎಲ್‌ಗೆ 60 ಹನಿ, ಅಲ್ಲಿ ಗಂಟೆಗೆ ಎಷ್ಟು ಎಂಎಲ್ಲೋ ನಿಮಿಷಕ್ಕೆ ಅಷ್ಟೇ ಹನಿ. ಲೆಕ್ಕ ಸರಿ ಮಾಡಿ ನೀವು ಆಚೆ ಹೋದ ಕೂಡಲೇ, ಜಲ್ದಿ ಮುಗಿಯಲಿ ಅಂತ ಜೊತೆಗಿದ್ದವರು ರೋಲರ್ ಪೂರ್ತಿ ತೆಗೆಯುತ್ತಾರೆ. ಹಾರ್ಟ್ ವೀಕ್ ಇರುವವರಿಗೆ, ಪುಟ್ಟ ಮಕ್ಕಳಿಗೆ ಇದು ಪ್ರಾಣಕ್ಕೇ ಬರುತ್ತದೆ. ಬಾಟಲಿಗೆ ಪ್ಲಾಸ್ಟರ್ ಅಂಟಿಸಿ ಗಂಟೆಗೊಂದು ಗೆರೆ ಹಾಕಿ. "ಇದನ್ನ ಮುಟ್ಟಬ್ಯಾಡ್ರಿ, ನೀರು ಎದಿಗೆ ತುಂಬ್ತದ" ಅಂತ ಕಾರಣ ಹೇಳಿ. ಮುಟ್ಟಬೇಡಿ ಅಂತಷ್ಟೇ ಹೇಳಿದರೆ ಮುಟ್ಟುತ್ತಾರೆ.

ದಾರಿ, ವೇಗ, ಜೊತೆ

ಎಸ್ಆರ್ ಅಂತ ಬರೆದ ಗುಳಿಗೆ, ಪ್ಯಾಂಟೊಪ್ರಜೋಲ್ ಥರ ಮೇಲೆ ಲೇಪ ಇರುವ ಗುಳಿಗೆ, ಇವನ್ನು ಪುಡಿ ಮಾಡಿ ಮೂಗಿನಿಂದ ಹೊಟ್ಟೆಗೆ ಇಳಿಸಿದ ರೈಲ್ಸ್ ಟ್ಯೂಬಿನಲ್ಲಿ ಹಾಕಬೇಡಿ. ಇಡೀ ದಿನ ಸ್ವಲ್ಪ ಸ್ವಲ್ಪ ಬಿಡಬೇಕಾದ ಔಷಧಿ ಒಂದೇ ಸಲ ಬಿಡುಗಡೆ ಆಗುತ್ತದೆ, ಅಥವಾ ಹೊಟ್ಟೆಯ ಆಸಿಡ್‌ಗೆ ಸಿಕ್ಕು ಹಾಳಾಗುತ್ತದೆ. ಬೇರೆ ರೂಪದಲ್ಲಿ ಬರೆದುಕೊಡಿ ಅಂತ ಕೇಳಿ.

ಸೆಫ್‌ಟ್ರಿಯಾಕ್ಸೋನ್ ಮತ್ತು ರಿಂಗರ್ ಲ್ಯಾಕ್ಟೇಟ್ ಒಂದೇ ಲೈನಿನಲ್ಲಿ ಸೇರಬಾರದು. ಆರ್‌ಎಲ್‌ನಲ್ಲಿ ಕ್ಯಾಲ್ಸಿಯಂ ಇದೆ, ಎರಡೂ ಸೇರಿ ಹರಳು ಕಟ್ಟುತ್ತದೆ. ನಮ್ಮ ವಾರ್ಡುಗಳಲ್ಲಿ ದಿನಾ ಬಳಸುವ ಎರಡು ವಸ್ತು ಇವೇ, ಹಾಗಾಗಿ ದಿನಾ ನೆನಪಿರಲಿ. ಹಸುಗೂಸಿಗಂತೂ ಕ್ಯಾಲ್ಸಿಯಂ ಇರುವ ಯಾವ ಡ್ರಿಪ್ ನಡೆಯುತ್ತಿದ್ದರೂ ಸೆಫ್‌ಟ್ರಿಯಾಕ್ಸೋನ್ ಬೇಡ. ಫಿಟ್ಸ್‌ಗೆ ಕೊಡುವ ಫೆನಿಟಾಯಿನ್ ನಾರ್ಮಲ್ ಸಲೈನಿನಲ್ಲಿ ಮಾತ್ರ, ಡೆಕ್ಸ್‌ಟ್ರೋಸಿನಲ್ಲಿ ಗರಣೆ ಕಟ್ಟುತ್ತದೆ. ದೊಡ್ಡವರಿಗೂ ನಿಮಿಷಕ್ಕೆ 50 ಎಂಜಿಗಿಂತ ವೇಗವಾಗಿ ಬೇಡ, ಬಿಪಿ ಬೀಳುತ್ತದೆ, ಹಾರ್ಟಿನ ಲಯ ತಪ್ಪುತ್ತದೆ. ವ್ಯಾಂಕೋಮೈಸಿನ್ ಕಡಿಮೆ ಅಂದರೂ ಒಂದು ಗಂಟೆ. ಬೇಗ ಹೋದರೆ ಮುಖ, ಕುತ್ತಿಗೆ ಕೆಂಪಗಾಗಿ ತುರಿಸುತ್ತದೆ.

ಕೈ ತಡೆದು ನಿಲ್ಲಬೇಕಾದ ಔಷಧಿಗಳು

ಪೊಟ್ಯಾಸಿಯಂ ಕ್ಲೋರೈಡ್. 10 ಎಂಎಲ್ ಆಂಪೂಲ್, ನೋಡಲು ಡಿಸ್ಟಿಲ್ಡ್ ವಾಟರ್ ಥರ. ಇದನ್ನು ಸಿರಿಂಜಿನಲ್ಲಿ ನೇರ ಕೊಟ್ಟರೆ ಹೃದಯ ನಿಲ್ಲುತ್ತದೆ. ಯಾವತ್ತೂ, ಯಾರು ಹೇಳಿದರೂ ನೇರ ಕೊಡಬೇಡಿ. ಬಾಟಲಿಗೆ ಹಾಕಿದ ಮೇಲೆ ಅದನ್ನು ತಲೆಕೆಳಗೆ ಮಾಡಿ ಹತ್ತು ಸಲ ಕಲಸಿ, ಇಲ್ಲವಾದರೆ ಪೊಟ್ಯಾಸಿಯಂ ತಳದಲ್ಲಿ ಕೂತು ಮೊದಲು ಅದೇ ಒಳಗೆ ಹೋಗುತ್ತದೆ. ಮೂತ್ರ ಸರಿಯಾಗಿ ಹೋಗುತ್ತಿದೆಯಾ ಅಂತ ನೋಡದೆ ಶುರು ಮಾಡಬೇಡಿ. ಆಂಪೂಲುಗಳನ್ನು ಬೇರೆ ಕಪಾಟಿನಲ್ಲಿ ಬೀಗ ಹಾಕಿ ಇಡಿ.

ಮ್ಯಾಗ್ನೀಸಿಯಂ ಸಲ್ಫೇಟ್. ಬಸುರಿಯ ಬಿಪಿ ಏರಿ ಫಿಟ್ಸ್ ಬಂದಾಗ ಜೀವ ಉಳಿಸುವ ಔಷಧಿ. 50 ಪರ್ಸೆಂಟಿನ 2 ಎಂಎಲ್ ಆಂಪೂಲಿನಲ್ಲಿ ಒಂದು ಗ್ರಾಂ. ಐವಿಗೆ 4 ಗ್ರಾಂ ಅಂದರೆ 8 ಎಂಎಲ್ ತೆಗೆದು 12 ಎಂಎಲ್ ಸೇರಿಸಿ 20 ಎಂಎಲ್ ಮಾಡಿ ನಿಧಾನಕ್ಕೆ. ಮುಂದಿನ ಪ್ರತಿ ಡೋಸಿಗೂ ಮುಂಚೆ ಮೂರು ನೋಡಿ. ಮೊಣಕಾಲಿಗೆ ಬಡಿದರೆ ಕಾಲು ಜಿಗಿಯುತ್ತದಾ, ಉಸಿರು ನಿಮಿಷಕ್ಕೆ 16 ಅಥವಾ ಅದಕ್ಕಿಂತ ಜಾಸ್ತಿ ಇದೆಯಾ, ಹಿಂದಿನ 4 ಗಂಟೆಯಲ್ಲಿ ಮೂತ್ರ ಗಂಟೆಗೆ 30 ಎಂಎಲ್ ಆದರೂ ಬಂದಿದೆಯಾ. ಯಾಕೆ ಮೂತ್ರ? ಮ್ಯಾಗ್ನೀಸಿಯಂ ಹೊರಗೆ ಹೋಗುವ ದಾರಿ ಕಿಡ್ನಿ ಒಂದೇ. ಒಳಗೆ ನಿಂತರೆ ಮೊದಲು ಮೊಣಕಾಲಿನ ಜಿಗಿತ ಹೋಗುತ್ತದೆ, ಆಮೇಲೆ ಉಸಿರು ಹೋಗುತ್ತದೆ. ಮೊದಲನೆಯದನ್ನು ನೋಡಿದರೆ ಎರಡನೆಯದನ್ನು ತಡೆಯಬಹುದು. ಮ್ಯಾಗ್ನೀಸಿಯಂ ಜಾಸ್ತಿಯಾದರೆ ಅದಕ್ಕೆ ಎದುರು ಮದ್ದು ಕ್ಯಾಲ್ಸಿಯಂ ಗ್ಲುಕೋನೇಟ್, ಅದರ ಆಂಪೂಲನ್ನು ಅದೇ ಟ್ರೇಯಲ್ಲಿ ಇಟ್ಟುಕೊಂಡಿರಿ.

ಹಾರ್ಟಿನ ಔಷಧಿ ಡಿಗಾಕ್ಸಿನ್ ಕೊಡುವ ಮುಂಚೆ ಎದೆಗೆ ಸ್ಟೆತ್ ಇಟ್ಟು ಪೂರ್ತಿ ಒಂದು ನಿಮಿಷ ಎಣಿಸಿ. ದೊಡ್ಡವರಲ್ಲಿ 60ಕ್ಕಿಂತ ಕಡಿಮೆ ಇದ್ದರೆ ನಿಲ್ಲಿಸಿ ಡಾಕ್ಟರಿಗೆ ಹೇಳಿ. ಜೊತೆಗೆ ಮೂತ್ರ ಜಾಸ್ತಿ ಮಾಡುವ ಲಾಸಿಕ್ಸ್ ಇದ್ದರೆ ಇನ್ನೂ ಹುಷಾರು, ಅದು ಪೊಟ್ಯಾಸಿಯಂ ಇಳಿಸುತ್ತದೆ, ಪೊಟ್ಯಾಸಿಯಂ ಇಳಿದರೆ ಅದೇ ಡಿಗಾಕ್ಸಿನ್ ವಿಷ ಆಗುತ್ತದೆ.

ಇನ್ನೊಂದು ನಮ್ಮ ಭಾಗದಲ್ಲಿ ತಪ್ಪಿಸಿಕೊಳ್ಳಲು ಆಗದ್ದು, ಅಟ್ರೋಪಿನ್. ಸಿಂಧನೂರು, ಮಾನ್ವಿ, ಗಂಗಾವತಿಯ ಭತ್ತ, ರಾಯಚೂರಿನ ಹತ್ತಿ, ಸಿರುಗುಪ್ಪದ ಮೆಣಸಿನಕಾಯಿ, ಎಲ್ಲ ಕಡೆ ಕೀಟನಾಶಕದ ಎಣ್ಣೆ ಹೊಡೆಯುತ್ತಾರೆ. ಹೊಡೆಯುವಾಗ ಮೈಗೆ ತಾಗಿದವರು, ಮನಸ್ಸು ಕೆಟ್ಟು ಕುಡಿದವರು ಇಬ್ಬರೂ ಬರುತ್ತಾರೆ. ಬಾಯಲ್ಲಿ ನೊರೆ, ಎದೆಯಲ್ಲಿ ಗೊರಗೊರ, ಕಣ್ಣಿನ ಪಾಪೆ ಸೂಜಿಮೊನೆಯಷ್ಟು, ನಾಡಿ ನಿಧಾನ. ಆರ್ಗನೋಫಾಸ್ಫೇಟ್ ಎಣ್ಣೆ, ನರಗಳ ಸಂದೇಶ ಒಯ್ಯುವ ಅಸಿಟೈಲ್‌ಕೋಲಿನ್ ಅನ್ನು ಒಡೆಯುವ ಕಿಣ್ವವನ್ನು ಕಟ್ಟಿಹಾಕುತ್ತದೆ, ಅಸಿಟೈಲ್‌ಕೋಲಿನ್ ತುಂಬಿ ತುಳುಕುತ್ತದೆ. ಅಟ್ರೋಪಿನ್ ಮಾಡುವುದು ಬಸ್ಸಿನ ಕಿಟಕಿಯಿಂದ ಸೀಟಿಗೆ ಟವೆಲ್ ಹಾಕಿದ ಹಾಗೆ. ಅಸಿಟೈಲ್‌ಕೋಲಿನ್ ಕೂರಬೇಕಾದ ಸೀಟು ಹಿಡಿಯುತ್ತದೆ, ಅದನ್ನು ಕೂರಲು ಬಿಡುವುದಿಲ್ಲ, ಅಷ್ಟೇ. ಬಸ್ಸಿನಲ್ಲಿ ಜನ ಜಾಸ್ತಿಯಾದಷ್ಟೂ ಟವೆಲ್ ಎತ್ತಿ ಎಸೆಯುತ್ತಾರೆ, ಅದಕ್ಕೇ ಇಲ್ಲಿ ಅಷ್ಟೊಂದು ಅಟ್ರೋಪಿನ್ ಬೇಕು. ಆಂಪೂಲಿನಲ್ಲಿ 0.6 ಎಂಜಿ. ಮೊದಲು 1.8ರಿಂದ 3 ಎಂಜಿ, ಸಾಲದಿದ್ದರೆ 5 ನಿಮಿಷಕ್ಕೊಮ್ಮೆ ಎರಡು ಪಟ್ಟು. ಮೂರು ಆಂಪೂಲ್, ಆರು, ಹನ್ನೆರಡು, ಇಪ್ಪತ್ತನಾಲ್ಕು. ಹೊಸಬರಿಗೆ ಕೈ ನಡುಗುವುದು ಇಲ್ಲೇ. ಒಬ್ಬರು ಆಂಪೂಲ್ ಒಡೆಯಲಿ, ಒಬ್ಬರು ಕೊಡಲಿ, ಖಾಲಿ ಆಂಪೂಲನ್ನು ಕಿಡ್ನಿ ಟ್ರೇಯಲ್ಲಿ ಕೂಡಿಡಿ, ಎಣಿಕೆ ತಪ್ಪುವುದಿಲ್ಲ.

ಎಲ್ಲಿ ನಿಲ್ಲಿಸುವುದು? ಎದೆಯ ಗೊರಗೊರ ಹೋಗಬೇಕು, ನಾಡಿ 80 ದಾಟಬೇಕು, ಮೇಲಿನ ಬಿಪಿ 80 ದಾಟಬೇಕು, ಕಂಕುಳು ಒಣಗಬೇಕು. ಅಲ್ಲಿಂದ ಮುಂದೆ ಅಟ್ರೋಪಿನ್ನಿನದೇ ಸಣ್ಣ ಡ್ರಿಪ್. ಈಗ ಎದುರು ದಿಕ್ಕಿನ ಅಪಾಯ ಶುರು. ಅಟ್ರೋಪಿನ್ ಬೆವರನ್ನು ನಿಲ್ಲಿಸುತ್ತದೆ. ಮೇ ತಿಂಗಳ ವಾರ್ಡಿನಲ್ಲಿ ಬೆವರದ ಮೈ ಒಲೆಯ ಹಾಗೆ ಕಾಯುತ್ತದೆ. ರೋಗಿ ಬಡಬಡಿಸುತ್ತ ಹಾಸಿಗೆ ಕಿತ್ತುಕೊಳ್ಳಲು ಶುರು ಮಾಡಿದರೆ, ಜ್ವರ ಬಂದರೆ, ಹೊಟ್ಟೆಗೆ ಸ್ಟೆತ್ ಇಟ್ಟಾಗ ಕರುಳಿನ ಸದ್ದು ಇಲ್ಲದಿದ್ದರೆ ಅಟ್ರೋಪಿನ್ ಜಾಸ್ತಿ ಆಗಿದೆ, ಡಾಕ್ಟರನ್ನು ಕರೆಯಿರಿ. ಒದ್ದೆ ಬಟ್ಟೆ, ಫ್ಯಾನ್ ತಯಾರಿರಲಿ. ಗಂಟೆಗೊಮ್ಮೆ ಟೆಂಪರೇಚರ್ ಬರೆಯಿರಿ.

ಕೊಟ್ಟ ಮೇಲೆ

ಇಂಜೆಕ್ಷನ್ ಕೊಟ್ಟು ತಿರುಗಿ ನೋಡದೆ ಮುಂದಿನ ಹಾಸಿಗೆಗೆ ಹೋಗಬೇಡಿ. ಐವಿ ಕೊಟ್ಟದ್ದು ನಿಮಿಷಗಳಲ್ಲಿ, ಐಎಂ ಸುಮಾರು 10ರಿಂದ 20 ನಿಮಿಷದಲ್ಲಿ, ಬಾಯಿಂದ ಕೊಟ್ಟದ್ದು ಅರ್ಧ ಗಂಟೆಯಿಂದ ಒಂದು ಗಂಟೆಯಲ್ಲಿ ಕೆಲಸ ತೋರಿಸುತ್ತದೆ. ಆ ಹೊತ್ತಿಗೆ ವಾಪಸ್ ಬಂದು ನೋವು ಎಷ್ಟಿದೆ, ಜ್ವರ ಎಷ್ಟಿದೆ ಅಂತ ನೋಡಿ ಬರೆಯಿರಿ. ಮಾರ್ಫಿನ್ ಕೊಟ್ಟಿದ್ದರೆ ಉಸಿರು ಎಣಿಸಿ. ಮಾರ್ಫಿನ್‌ಗೆ ಎದುರು ಮದ್ದಾದ ನಲೋಕ್ಸೋನ್ ಕೊಟ್ಟು ಎಬ್ಬಿಸಿದ್ದರೂ ಬಿಟ್ಟುಹೋಗಬೇಡಿ, ಆ ಟವೆಲ್ ಮಾರ್ಫಿನ್‌ಗಿಂತ ಮುಂಚೆ ಜಾರುತ್ತದೆ, ರೋಗಿ ಮತ್ತೆ ನಿದ್ದೆಗೆ ಬೀಳುತ್ತಾರೆ.

ಆಂಟಿಬಯೋಟಿಕ್ ಆಗಲಿ, ಹಾವಿನ ವಿಷಕ್ಕೆ ಮದ್ದಾದ ಎಎಸ್‌ವಿ ಆಗಲಿ, ಮೊದಲ ನಿಮಿಷಗಳು ಮುಖ್ಯ. ಎಎಸ್‌ವಿಗೆ ಟೆಸ್ಟ್ ಡೋಸ್ ಬೇಡ, ಅದು ಏನನ್ನೂ ಹೇಳುವುದಿಲ್ಲ. ಮಕ್ಕಳಿಗೂ ದೊಡ್ಡವರಷ್ಟೇ ವಯಲ್, ಹಾವು ಮಗು ಅಂತ ಕಡಿಮೆ ವಿಷ ಬಿಡುವುದಿಲ್ಲ. ಶುರು ಮಾಡುವ ಮುಂಚೆ ಅಡ್ರಿನಾಲಿನ್ ಲೋಡ್ ಮಾಡಿ ಲೇಬಲ್ ಅಂಟಿಸಿ ಪಕ್ಕದಲ್ಲಿ ಇಡಿ. ತುರಿಕೆ, ದದ್ದು, ತುಟಿ ಊತ, ಗಂಟಲು ಕಟ್ಟಿದ ದನಿ, ಉಬ್ಬಸ, ಬಿಪಿ ಬೀಳುವುದು, ಇವು ಅಲರ್ಜಿಯ ಗುರುತು. ಕಂಡ ಕೂಡಲೇ ಹೋಗುತ್ತಿರುವುದನ್ನು ನಿಲ್ಲಿಸಿ, ಕ್ಯಾನುಲಾ ಮಾತ್ರ ತೆಗೆಯಬೇಡಿ. ಕೂಗಿ ಕರೆಯಿರಿ. ದೊಡ್ಡವರಿಗೆ ಅಡ್ರಿನಾಲಿನ್ 0.5 ಎಂಜಿ, ಅಂದರೆ ಒಂದು ಎಂಎಲ್‌ಗೆ ಒಂದು ಎಂಜಿ ಇರುವ ಆಂಪೂಲಿನಿಂದ ಅರ್ಧ ಎಂಎಲ್, ತೊಡೆಯ ಹೊರಭಾಗದ ಮಧ್ಯಕ್ಕೆ ಐಎಂ. ಮಕ್ಕಳಿಗೆ ಕೆಜಿಗೆ 0.01 ಎಂಜಿ. ಕಾಲು ಎತ್ತರಿಸಿ, ಆಕ್ಸಿಜನ್, ಐವಿ ಸಲೈನ್. ಏವಿಲ್, ಹೈಡ್ರೋಕಾರ್ಟಿಸೋನ್ ಆಮೇಲೆ. ಅವು ತುರಿಕೆ ಇಳಿಸುತ್ತವೆ, ಗಂಟಲು ತೆರೆಸುವುದಿಲ್ಲ. ಬೇರೆಲ್ಲ ಇಂಜೆಕ್ಷನ್ ಹುಡುಕುತ್ತ ಅಡ್ರಿನಾಲಿನ್ ತಡ ಮಾಡಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ, ಆ ಕುಟುಂಬದವರ ಮುಖ ಇನ್ನೂ ನೆನಪಿದೆ.

ಬರೆಯುವುದು ಕೊಟ್ಟ ಮೇಲೆ, ಕೊಟ್ಟವರೇ. ಬೇರೆಯವರು ಲೋಡ್ ಮಾಡಿದ್ದನ್ನು ನೀವು ಕೊಡಬೇಡಿ, ನೀವು ಕೊಡದ್ದಕ್ಕೆ ಸಹಿ ಹಾಕಬೇಡಿ. ಕೊಡಲಿಲ್ಲ ಅಂದರೆ ಯಾಕೆ ಅಂತ ಬರೆಯಿರಿ. ರೋಗಿ ಬೇಡ ಅಂದರು, ವಾಂತಿ ಆಯಿತು, ಸ್ಟಾಕ್ ಇರಲಿಲ್ಲ, ಏನಿದ್ದರೂ.

ತಪ್ಪಾದರೆ ಮೊದಲು ರೋಗಿಯನ್ನು ನೋಡಿ, ಆಮೇಲೆ ಡಾಕ್ಟರಿಗೆ ಹೇಳಿ, ಆಮೇಲೆ ಇನ್‌ಚಾರ್ಜ್‌ಗೆ. ಮುಚ್ಚಿಟ್ಟ ತಪ್ಪಿಗೆ ಚಿಕಿತ್ಸೆ ಇಲ್ಲ. ಅಜ್ಜನ ಇನ್ಸುಲಿನ್ ವಿಷಯ ನಾನು ಬೆಳಿಗ್ಗೆವರೆಗೆ ಮುಚ್ಚಿಟ್ಟಿದ್ದರೆ 8 ಗಂಟೆಗೆ ಬಿದ್ದ ಶುಗರನ್ನು ಯಾರೂ ಕಾಯುತ್ತಿರಲಿಲ್ಲ. ಔಷಧಿಯಿಂದಲೇ ತೊಂದರೆ ಆಯಿತು ಅನ್ನಿಸಿದರೆ ಭಾರತದ ಫಾರ್ಮಕೋವಿಜಿಲೆನ್ಸ್ ಕಾರ್ಯಕ್ರಮಕ್ಕೆ ನರ್ಸ್ ಕೂಡ ವರದಿ ಮಾಡಬಹುದು. ಖಚಿತ ಆಗಿರಬೇಕಿಲ್ಲ, ಸಂಶಯ ಇದ್ದರೆ ಸಾಕು. ಉಚಿತ ಸಹಾಯವಾಣಿ 1800-180-3024. ನಂಬರನ್ನು ಒಂದು ಚೀಟಿಯಲ್ಲಿ ಬರೆದು ಡ್ರಗ್ ಟ್ರಾಲಿಯ ಒಳಬಾಗಿಲಿಗೆ ಅಂಟಿಸಿ, ಅದರ ಕೆಳಗೆ ಅಡ್ರಿನಾಲಿನ್ ಡೋಸ್ ಕೂಡ.